ಅಳು ನಿಲ್ಲಿಸಿದ ಬೀಗ

ನಾನು ಒಂದು ಬೀಗ. ಹಿತ್ತಾಳೆ ಮೈ, ಉಕ್ಕಿನ ಕೊಂಡಿ. ಕಾರ್ಖಾನೆಯಲ್ಲಿ ನನ್ನನ್ನು ಹತ್ತಾರು ಸಲ ಎಳೆದು, ಬಡಿದು ನೋಡಿ ಪಾಸು ಮಾಡಿದರು. ಅವತ್ತಿನಿಂದ ನನಗೆ ಕೊಬ್ಬು. ನನ್ನ ಮುಂದೆ ಯಾರ ಆಟವೂ ನಡೆಯದು ಎಂದುಕೊಂಡಿದ್ದೆ.

ದಾವಣಗೆರೆಯ ಅಂಗಡಿಯಿಂದ ನನ್ನನ್ನು ಕೊಂಡವಳು ಹಾಲಮ್ಮ. ಗಂಡ ತೀರಿಕೊಂಡಿದ್ದ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಮೂರು ವರ್ಷದ ಮಗಳು ವಿಶಾಲಿಯನ್ನು ಮೊದಮೊದಲು ಭಟ್ಟಿಗೇ ಕರೆದೊಯ್ಯುತ್ತಿದ್ದಳು. ಒಂದು ದಿನ ಅಲ್ಲಿ ಬೇರೆಯವರ ಕೂಸು ಮಂಡಕ್ಕಿ ಹುರಿಯುವ ಕಾದ ಮರಳಿನ ಮೇಲೆ ಬಿತ್ತು. ಮರುದಿನವೇ ಹಾಲಮ್ಮ ಮಗಳನ್ನು ಮನೆಯಲ್ಲೇ ಬಿಟ್ಟು, ಹತ್ತಿರ ಒಂದು ಬಟ್ಟಲು ಮಂಡಕ್ಕಿ, ಒಂದು ಚೊಂಬು ನೀರು ಇಟ್ಟು, ಹೊರಗಿನಿಂದ ನನ್ನನ್ನು ಹಾಕಿದಳು.

"ಒಳಗಿದ್ರೆ ಮೈಯಾದ್ರೂ ಸುಡಂಗಿಲ್ಲ" ಎಂದು ಪಕ್ಕದ ಮನೆಯವಳಿಗೆ ಹೇಳಿದಳು.

ನನಗೆ ಒಳಗಿನದು ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಮೊದಲ ವಾರ ಮಗು ಸಂಜೆಯವರೆಗೂ ಬಾಗಿಲು ಬಡಿದು ಅತ್ತಿತು. ನಾನು ಜಗ್ಗಲಿಲ್ಲ. ಎರಡನೇ ವಾರ ಅಳು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು.

"ನಮ್ಮ ವಿಶಾಲಿ ಭಾಳ ಶಾಣ್ಯಾಕಿ, ಅಳೋದೇ ಇಲ್ಲ" ಎಂದು ಹಾಲಮ್ಮ ಓಣಿಗೆಲ್ಲ ಹೇಳಿಕೊಂಡಳು. ನನ್ನಿಂದಲೇ ಆಯಿತೆಂದು ನಾನೂ ಹಿಗ್ಗಿದೆ. ಶಾಲೆಗೆ ಸೇರಿಸುವವರೆಗೆ, ಮೂರು ವರ್ಷ, ಹೀಗೇ ನಡೆಯಿತು.

ಬೆಳೆದ ವಿಶಾಲಿ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಜ್ವರ ಬಂದರೂ ಹೇಳುತ್ತಿರಲಿಲ್ಲ. ಅಂಗಳದಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡಾಗ, ಎದುರಿಗಿದ್ದ ತಾಯಿಯ ಕಡೆ ನೋಡದೆ ರಕ್ತ ಒರೆಸಿಕೊಂಡು ಒಳಗೆ ಹೋದಳು. ಅವಳು ಮನೆಯಿಂದ ಹೊರಗೆ ಹೋದರೆ ಬಾಗಿಲು ಹಾರು ಹೊಡೆದಿರುತ್ತಿತ್ತು, ನನ್ನನ್ನು ಮುಟ್ಟುತ್ತಲೇ ಇರಲಿಲ್ಲ. ಒಂದು ಸಲ ಗ್ಯಾಸ್ ಸಿಲಿಂಡರೇ ಕಳುವಾಯಿತು. ಹಾಲಮ್ಮ ಬೈದಳು. ಮರುದಿನವೂ ವಿಶಾಲಿ ಬಾಗಿಲು ತೆರೆದಿಟ್ಟೇ ಹೋದಳು.

ಕೊನೆಗೆ ನನ್ನ ಕೀಲಿಕೈ ಕಳೆಯಿತು, ನಾನು ಒಳಗೆ ಕಿಟಕಿಕಟ್ಟೆ ಸೇರಿದೆ. ಆ ಬಾಗಿಲಿನ ಒಳಮೈಯನ್ನು ನಾನು ಕಂಡದ್ದು ಆಗಲೇ. ಮೂರು ವರ್ಷದ ಮಗುವಿನ ಎತ್ತರಕ್ಕೆ ಬಣ್ಣವೆಲ್ಲ ಉಗುರಿನಿಂದ ಕೆರೆದುಹೋಗಿತ್ತು. ಅಂದಿನಿಂದ ನನ್ನ ಗಟ್ಟಿತನದ ಮೇಲೆ ನನಗೇ ಅಸಹ್ಯ.

ಮದುವೆಯಾಗಿ ಎರಡು ವರ್ಷಕ್ಕೆ ವಿಶಾಲಿ ಬಾಣಂತನಕ್ಕೆ ಬಂದಳು. ತೊಟ್ಟಿಲಲ್ಲಿ ಕೂಸು ಅತ್ತರೆ ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಒಂದು ಸಂಜೆ ಕೂಸು ಉಸಿರು ಕಟ್ಟುವಂತೆ ಅಳುತ್ತಿತ್ತು.

"ಕಿವಿ ಕೇಳ್ಸಂಗಿಲ್ಲೇನೇ? ಎತ್ಕೋಬಾರ್ದಾ?" ಎಂದಳು ಹಾಲಮ್ಮ.

ವಿಶಾಲಿಯ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯದವಳಂತೆ ಕೇಳಿದಳು: "ಅತ್ರೆ ಬರ್ಬೇಕೇನವ್ವ?"

ಹಾಲಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ತೊಟ್ಟಿಲನ್ನು ದಾಟಿ ಹೋಗಿ ಮೊದಲು ಮಗಳನ್ನು ತಬ್ಬಿಕೊಂಡಳು.

"ನಿನ್ ಮೈ ಸುಡಬಾರ್ದು ಅಂತ ಬೀಗ ಹಾಕಿದ್ದೆ ವಿಶಾಲಿ. ತಪ್ಪಾತು."

ಅವಳಿಗೆ ಹೊಟ್ಟೆಪಾಡಿತ್ತು, ಭಯವಿತ್ತು. ನನಗೇನಿತ್ತು? ಬರೀ ಜಂಬ.

ಎಷ್ಟೋ ಹೊತ್ತಿನ ಮೇಲೆ ವಿಶಾಲಿ ಎದ್ದು ಕೂಸನ್ನು ಎತ್ತಿಕೊಂಡಳು. ಈಗ ದಿನವೂ ಎತ್ತಿಕೊಳ್ಳುತ್ತಾಳೆ. ಆದರೆ ಕೂಸು ಅತ್ತ ಕೂಡಲೇ ಅಲ್ಲ. ಮೊದಲು ಒಂದು ಗಳಿಗೆ ನಿಂತಲ್ಲೇ ನಿಲ್ಲುತ್ತಾಳೆ, ಆಮೇಲೆ ಹೋಗುತ್ತಾಳೆ. ಆ ಒಂದು ಗಳಿಗೆ ನನ್ನದು.