ಕಂಬವಿದ್ದ ಜಾಗ

ಚಿತ್ರಾನ್ನಕ್ಕೆಂದು ತೆಗೆದಿಟ್ಟಿದ್ದ ನಿಂಬೆಹಣ್ಣು ಉಷಾಳ ಕೈಜಾರಿ ಅಡುಗೆಮನೆಯ ನೆಲಕ್ಕೆ ಬಿತ್ತು. ಬಿದ್ದದ್ದು ಬಿದ್ದಲ್ಲಿ ನಿಲ್ಲಲಿಲ್ಲ. ಯಾರೋ ಕರೆದಂತೆ ಮೆಲ್ಲಗೆ ಉರುಳುತ್ತಾ, ಊಟದ ಮೇಜಿನ ಕಾಲು ದಾಟಿ, ಅಡುಗೆಮನೆಯ ನಟ್ಟನಡುವೆ ಹೋಗಿ ನಿಂತಿತು.

"ರೀ, ನೋಡಿದ್ರಾ?"

ಸತ್ಯಪ್ರಕಾಶ್ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ನಿಂಬೆಹಣ್ಣು ಗುಂಡಗಿದೆ, ಉರುಳಿತು. ಅದರ ಕೆಲಸ ಅದು ಮಾಡ್ತು."

"ರೂಮಿನ ಬಾಗಿಲೂ ಹಾಕೋಕಾಗ್ತಿಲ್ಲ."

"ಹಳೇ ಮನೆ ಕಣೆ. ಚಳಿಗಾಲ ಬೇರೆ."

ಮಿಸಿಸಾಗದ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದೇ ಅವನ ಕಸುಬು. ಮನೆಗೆ ಬಂದ ಮೇಲೆ ಯಾವ ತಪ್ಪೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಉಷಾ ಬಗ್ಗಿ ಹಣ್ಣನ್ನೆತ್ತಿಕೊಂಡು ತೊಳೆದು, ಸಂಜೆಯ ಭಜನೆಯ ಪ್ರಸಾದದ ಕಡೆಗೆ ಮನಸ್ಸು ತಿರುಗಿಸಿದಳು.

ಸ್ಕಾರ್‌ಬರೋದ ಆ ಒಂದಂತಸ್ತಿನ ಮನೆಯಲ್ಲಿ ದೇವರಿದ್ದದ್ದು ನೆಲದಡಿಯ ಬೇಸ್‌ಮೆಂಟಿನಲ್ಲಿ. ಮೇಲೆ ಈಶಾನ್ಯಕ್ಕೆ ಮುಂಬಾಗಿಲು ಬಂದಿತ್ತು. ಹಾಗಾಗಿ ಕೆಳಗಿನ ಈಶಾನ್ಯ ಮೂಲೆಯಲ್ಲಿ ಮಂಟಪ ಮಾಡಿ, ಶುಕ್ರವಾರಕ್ಕೊಮ್ಮೆ ಹತ್ತಾರು ಮನೆಯವರು ಕೂಡಿ ಭಜನೆ ಮಾಡುತ್ತಿದ್ದರು. ಇದ್ದ ಕೊರತೆ ಒಂದೇ. ಬೇಸ್‌ಮೆಂಟಿನ ನಡುವೆ, ದೇವರಿಗೆ ನೇರ ಎದುರಾಗಿ, ತೋಳುಗಾತ್ರದ ಒಂದು ಉಕ್ಕಿನ ಕಂಬ. ಪೂಜೆಗೆ ಕೂತರೆ ಮೊದಲು ಕಾಣುವುದು ಕಂಬ, ಆಮೇಲೆ ದೇವರು. "ನೀನೇ ಒಂಚೂರು ಪಕ್ಕಕ್ಕೆ ಕೂತ್ಕೊಳ್ಳೆ" ಎಂದು ಸತ್ಯಪ್ರಕಾಶ್ ನಗುತ್ತಿದ್ದ. ಅವಳೂ ನಕ್ಕು ಸುಮ್ಮನಾಗುತ್ತಿದ್ದಳು.

ನಗು ನಿಂತದ್ದು ಮಗಳು ದೀಪ್ತಿಯ ಮೊದಲ ಬಸಿರು ನಾಲ್ಕನೇ ತಿಂಗಳಲ್ಲಿ ಇಳಿದುಹೋದಾಗ. ಡಾಕ್ಟರು ಕಾರಣ ಏನೂ ಇಲ್ಲ ಎಂದರು. ಕಾರಣವಿಲ್ಲದ ದುಃಖವನ್ನು ತಾಯಿಯಾದವಳು ಎಲ್ಲಿ ಇಳಿಸಿಯಾಳು? ಮೈಸೂರಿನ ಜೋಯಿಸರು ಫೋನಿನ ವಿಡಿಯೊದಲ್ಲಿ ಮನೆಯೆಲ್ಲ ನೋಡಿ, "ದೇವರಿಗೂ ನಿಮಗೂ ನಡುವೆ ಕಂಬ ಅಡ್ಡ ನಿಂತಿದೆಯಲ್ಲ ತಾಯಿ" ಎಂದರು. ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ದೀಪ್ತಿ ಮತ್ತೆ ಬಸುರಿಯಾದ ಸುದ್ದಿ ಬಂದ ದಿನದಿಂದ ಉಷಾಳಿಗೆ ಆ ಕಂಬವನ್ನು ನೋಡಿದರೆ ಅನ್ನ ಇಳಿಯುತ್ತಿರಲಿಲ್ಲ.

ಮೊದಲು ಬಂದವನು ಡೊಮೆನಿಕ್. ನಗರಸಭೆಯ ಲೈಸೆನ್ಸ್ ಇದ್ದ ಕಂಟ್ರಾಕ್ಟರು. ಕಂಬದ ಮೇಲೆ ಅಂಗೈ ಊರಿ, ಮೇಲಿನ ತೊಲೆಯನ್ನು ದಿಟ್ಟಿಸಿದ. ನಿಮ್ಮ ಅಡುಗೆಮನೆಯ ಭಾರವೆಲ್ಲ ಇದರ ಮೇಲಿದೆ, ತೆಗೆಯಬೇಕಾದರೆ ಇಂಜಿನಿಯರಿನ ನಕ್ಷೆ ಬೇಕು, ಪರ್ಮಿಟ್ ಬೇಕು, ಉಕ್ಕಿನ ತೊಲೆ ಕೂರಿಸಬೇಕು, ಇಲ್ಲಿನ ಬೇಸಿಗೆ, ಅಂದರೆ ಜೂನ್ ಆದೀತು ಎಂದ. ಹೆರಿಗೆ ಏಪ್ರಿಲಿನಲ್ಲಿ. ಎರಡನೆಯವನು ಬಂದು ಅದನ್ನೇ ಇನ್ನೂ ಚುಟುಕಾಗಿ ಹೇಳಿಹೋದ. ಮೂರನೆಯವನು ಲೋಕೇಶ.

ಲೋಕೇಶ ಮಂಡ್ಯದ ಕಡೆಯವನು, ಭಜನೆಯಲ್ಲಿ ತಾಳ ಹಾಕುವವನು, ಭಜನೆಗೆ ಬರುವ ಅರ್ಧ ಮನೆಗಳ ಬಚ್ಚಲಿಗೆ ಟೈಲ್ಸ್ ಹಾಕಿಕೊಟ್ಟವನು. ಕಂಬದ ಸುತ್ತ ಒಂದು ಪ್ರದಕ್ಷಿಣೆ ಬಂದು ನಕ್ಕ. "ಇಷ್ಟೇಯಾ ಅಕ್ಕಾ? ಅವ್ರು ಸುಮ್ನೆ ಹೆದ್ರುಸ್ತಾರೆ. ಮ್ಯಾಲೆ ಜೋಡಿ ಮರ ಕೊಟ್ಟು ತಗುದ್ಬುಡಾಣ. ಏನೂ ಆಗಾಕಿಲ್ಲ."

"ಪರ್ಮಿಟ್ಟು?" ಎಂದ ಸತ್ಯಪ್ರಕಾಶ್.

"ಮನೆ ಒಳಗಿನ ಕೆಲ್ಸ ಸಾರ್. ಯಾರು ಬಂದು ಇಣುಕ್ತಾರೆ?"

"ನಮ್ಮೋನು ರೀ. ದೇವರ ಕೆಲಸ ಬೇರೆ" ಎಂದಳು ಉಷಾ. ಸತ್ಯಪ್ರಕಾಶ್ ಮುಂದೆ ಕೇಳಲಿಲ್ಲ. ಕೇಳಬೇಕಿತ್ತು ಎಂಬುದು ಅವನಿಗೂ ಗೊತ್ತಿತ್ತು.

ಅವಳ ಊರಿನಲ್ಲಿ ಮರ ಕಡಿಯುವ ಮೊದಲು ಅದರ ಕ್ಷಮೆ ಕೇಳುತ್ತಿದ್ದರು. ಹಾಗೆಯೇ ಕಂಬದ ಬುಡಕ್ಕೆ ಅರಿಶಿನ ಹಚ್ಚಿ, ಕಾಯಿ ಒಡೆದು, ಕೈ ಮುಗಿದಳು. ಜನವರಿಯ ಒಂದು ಶನಿವಾರ ಸಂಜೆಯೊಳಗೆ ಕಂಬ ಹೋಯಿತು. ಚಾಪೆ ಹಾಸಿ ಕೂತು ಕಣ್ಣೆತ್ತಿದರೆ ಪಾದದಿಂದ ಕಿರೀಟದವರೆಗೆ ಪೂರ್ತಿ ದೇವರು. ಉಷಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಿಂಬೆಹಣ್ಣು ಉರುಳಿದ ಆ ಶುಕ್ರವಾರ ಸಂಜೆ ಬೇಸ್‌ಮೆಂಟು ತುಂಬಿತ್ತು. ತುಂಬು ಗರ್ಭಿಣಿ ದೀಪ್ತಿಗೆಂದು ಒಂದು ಕುರ್ಚಿ ಹಾಕಿದ್ದರು. ಹಾಕಿದ್ದೆಲ್ಲಿ? ಕಂಬವಿದ್ದ ಜಾಗದಲ್ಲೇ. ದೇವರಿಗೆ ನೇರ, ಕಾಲು ಚಾಚಲು ವಿಶಾಲ, ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ.

ಮಂಗಳಾರತಿ ಎತ್ತುವಾಗ ಮೇಲಿನ ತೊಲೆಯಿಂದ ಹಸಿ ಬಿದಿರು ಸೀಳಿದಂಥ ಸದ್ದಾಯಿತು. ತಾಳ ನಿಂತಿತು. ಆರತಿಯ ತಟ್ಟೆಗೆ ಸುಣ್ಣದ ಪುಡಿ ಉದುರಿ ಕರ್ಪೂರ ಚಟಪಟ ಎಂದಿತು. ಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳು ಒಂದರ ಹಿಂದೊಂದು ಜಾರಿಬೀಳುವುದು ಕೇಳಿಸಿತು. ಬೆಳಿಗ್ಗೆ ನಿಂಬೆಹಣ್ಣಿನ ಪರ ವಾದಿಸಿದ್ದ ಸತ್ಯಪ್ರಕಾಶನೇ ಎಲ್ಲರಿಗಿಂತ ಮೊದಲು ಎದ್ದ. ಮಗಳನ್ನು ಕುರ್ಚಿಯಿಂದ ಎಳೆದೆಬ್ಬಿಸಿ ಮೆಟ್ಟಿಲ ಕಡೆಗೆ ದೂಡಿಕೊಂಡು ಹೋದ.

ಹೊರಗೆ ಮಾರ್ಚ್ ತಿಂಗಳ ಹಿಮ. ದೇವರ ಮನೆಯಲ್ಲವೇ, ಎಲ್ಲರ ಚಪ್ಪಲಿ ಬೂಟು ಒಳಗೇ ಉಳಿದಿದ್ದವು. ರೇಷ್ಮೆ ಸೀರೆಯ ಹೆಂಗಸರು, ವಯಸ್ಸಾದವರು, ಎಲ್ಲರೂ ಕಾಲುಚೀಲದಲ್ಲಿ ಹಿಮದ ಮೇಲೆ ನಿಂತು ಒಂದು ಕಾಲು ಎತ್ತಿ ಒಂದು ಕಾಲು ಇಳಿಸುತ್ತಿದ್ದರು. ಬೂಟು ತರುತ್ತೇನೆಂದು ಹೊರಟವರನ್ನು, ಫೋನ್ ಹೋಗಿ ಅಷ್ಟರಲ್ಲಿ ಬಂದಿದ್ದ ಅಗ್ನಿಶಾಮಕದವರು ಬಾಗಿಲಲ್ಲೇ ತಡೆದರು. ಲೋಕೇಶನ ಕೈಯಲ್ಲಿ ಇನ್ನೂ ತಾಳ ಇತ್ತು. ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ನಗರಸಭೆಯಿಂದ ಬಂದ ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗದರಲಿಲ್ಲ. ಪರ್ಮಿಟ್ ಇತ್ತೇ, ಕೆಲಸ ಮಾಡಿದವರಿಗೆ ಲೈಸೆನ್ಸ್ ಇತ್ತೇ, ಇಂಜಿನಿಯರು ನೋಡಿದ್ದರೇ ಎಂದು ಮೆಲುದನಿಯಲ್ಲಿ ಕೇಳಿದಳು. ಮೂರಕ್ಕೂ ಉಷಾ ಇಲ್ಲ ಎಂದಳು. ಗದರಿದ್ದರೆ ಅಳಬಹುದಿತ್ತು. ತೊಲೆಯ ತಾತ್ಕಾಲಿಕ ಆಸರೆಗೆ ಕಂಬದಂಥ ಉಕ್ಕಿನ ಜಾಕುಗಳನ್ನು ಊರಿಸಿ, ರಿಪೇರಿ ಆಗುವ ತನಕ ಇಲ್ಲಿ ವಾಸಿಸುವಂತಿಲ್ಲವೆಂದು ಬಾಗಿಲಿಗೆ ಕಾಗದ ಅಂಟಿಸಿದರು. ಇನ್ಶೂರೆನ್ಸಿನವರು, ಪರ್ಮಿಟ್ ಇಲ್ಲದ ಕೆಲಸಕ್ಕೆ ತಾವು ಹೊಣೆಯಲ್ಲ ಎಂದರು. ನಾಚಿಕೆ ಬಿಟ್ಟು ಡೊಮೆನಿಕ್‌ಗೇ ಫೋನ್ ಮಾಡಿದರೆ, ನಕ್ಷೆಯಾಗಲಿ, ಪರ್ಮಿಟ್ ಬರಲಿ, ಜುಲೈಗೆ ಬರುತ್ತೇನೆ ಎಂದ. ಎಲ್ಲರೂ ಸರಿಯಾಗಿಯೇ ಮಾತಾಡುತ್ತಿದ್ದರು. ಜಗಳಕ್ಕೆ ಒಬ್ಬನೂ ಸಿಗಲಿಲ್ಲ.

ದೇವರು ದೊಡ್ಡವನು, ಹೆರಿಗೆ ಸುಸೂತ್ರವಾಯಿತು. ಹೆಣ್ಣುಮಗು. ಬಾಣಂತನಕ್ಕೆ ಮಗಳು ತವರಿಗೆ ಬರಬೇಕಾಗಿತ್ತು. ಇಲ್ಲಿ ತವರೇ ಗಂಟುಮೂಟೆ ಕಟ್ಟಿಕೊಂಡು ಮಿಸಿಸಾಗದಲ್ಲಿ ಮಗಳಿದ್ದ ಒಂದು ರೂಮಿನ ಕಾಂಡೊ ಫ್ಲಾಟಿಗೆ ಬಂದು ಬಿತ್ತು. ಅಳಿಯ ವಿಕ್ರಮ್ ಒಳ್ಳೆಯವನು. ತನ್ನ ಮನೆಯಲ್ಲಿ ತಾನೇ ಅಡ್ಡಡ್ಡ ನಡೆಯುತ್ತಾ, ಹಾಲಿನಲ್ಲಿ ಮಲಗಿದ ಅತ್ತೆ ಮಾವನನ್ನು ದಾಟುವಾಗಲೆಲ್ಲ "ಸಾರಿ" ಎನ್ನುತ್ತಿದ್ದ. ಉಷಾ ಬಾಣಂತಿ ಲೇಹ್ಯ ಕಾಯಿಸಿದರೆ ಹೊಗೆಯ ಅಲಾರಂ ಕೂಗಿಕೊಳ್ಳುತ್ತಿತ್ತು, ಸತ್ಯಪ್ರಕಾಶ್ ಟವೆಲ್ ಬೀಸುತ್ತಾ ನಿಲ್ಲುತ್ತಿದ್ದ, ಮಗು ಬೆಚ್ಚಿ ಅಳುತ್ತಿತ್ತು.

"ಅಮ್ಮ, ಸ್ಕಾರ್‌ಬರೋ ಮನೇಲಿ ತೊಟ್ಟಿಲು ಯಾವಾಗ ಹಾಕೋದು?" ಎಂದು ದೀಪ್ತಿ ಒಂದು ದಿನ ಕೇಳಿದಳು. ಉಷಾ ಲೇಹ್ಯವನ್ನು ತಿರುವುತ್ತಲೇ ಇದ್ದಳು.

ಲೋಕೇಶ ಮಗುವಿಗೆಂದು ಒಂದು ಅಂಗಿ ಹಿಡಿದು ಬಂದ. ಮೇಲೆ ಬರಲು ಒಪ್ಪಲಿಲ್ಲ. ಉಷಾಳೇ ಲಿಫ್ಟಿಳಿದು ಲಾಬಿಗೆ ಹೋದಳು.

"ಯಾಕಪ್ಪಾ ಹೀಗೆ ಮಾಡಿದೆ?"

"ಬೇಕೂಂತ ಮಾಡ್ನಿಲ್ಲ ಅಕ್ಕಾ. ಟೈಲ್ಸ್ ಗೊತ್ತು, ಬಣ್ಣ ಗೊತ್ತು. ತೊಲೆ ಲೆಕ್ಕ ಗೊತ್ತಿಲ್ಲ ಅನ್ನೋದು ಆವತ್ತು ನಂಗೇ ಗೊತ್ತಿರ್ನಿಲ್ಲ."

"ಆಗಲ್ಲ ಅನ್ನಬಹುದಿತ್ತಲ್ಲ?"

ಅವನು ತಲೆ ತಗ್ಗಿಸಿದ. "ಆಗಾಕಿಲ್ಲ ಅಂದ ಇಬ್ರುನ್ನ ಕಳ್ಸಿದ್ರಿ. ನಾನೂ ಹಂಗೇ ಅಂದಿದ್ರೆ ಇನ್ನೊಬ್ಬನ್ನ ಹುಡುಕ್ತಿದ್ರಿ, ಅಲ್ವಾ ಅಕ್ಕಾ?"

ಮಾತಿನಲ್ಲಿ ಚುಚ್ಚು ಇರಲಿಲ್ಲ. ಅದಕ್ಕೇ ನೇರ ಒಳಗಿಳಿಯಿತು. ಉಷಾ ಅಂಗಿಯ ಪೊಟ್ಟಣವನ್ನು ಎದೆಗವಚಿಕೊಂಡು ಲಿಫ್ಟಿನ ಬಾಗಿಲು ತೆರೆಯುವುದನ್ನೇ ಕಾಯುತ್ತಾ ನಿಂತಳು.

ವಾಸಕ್ಕೆ ಬಿಡದಿದ್ದರೂ, ಜಾಕು ಊರಿಸಿದ ಮೇಲೆ ಹಗಲು ಹೋಗಿ ಬರಲು ಅಡ್ಡಿ ಇರಲಿಲ್ಲ. ಶುಕ್ರವಾರ ಉಷಾ ಹೋಗಿ ದೇವರಿಗೊಂದು ದೀಪ ಹಚ್ಚಿ ಬರುತ್ತಿದ್ದಳು. ಮೇ ತಿಂಗಳ ಅಂಥದೊಂದು ದಿನ ಮಿಲ್ಟನ್ನಿನ ಸುಜಾತಾ ಫೋನ್ ಮಾಡಿದಳು. ಧಾರವಾಡದ ಕಡೆಯವಳು. ಆ ಸಂಜೆಯ ಭಜನೆಗೆ ಬಂದಿರಲಿಲ್ಲ, ಸುದ್ದಿ ಮಾತ್ರ ಕೇಳಿದ್ದಳು.

"ಉಷಕ್ಕಾ, ಲೋಕೇಶನ ನಂಬರ್ ಕಳಸ್ರಿ."

"ಮನೆ ಹತ್ರ ಬನ್ನಿ, ಕೊಡ್ತೀನಿ."

ಬಂದವಳು ಅಡುಗೆಮನೆಯ ಬಾಗಿಲಲ್ಲೇ ಶುರುಮಾಡಿದಳು. "ನಿಮ್ದು ಹಳೀ ಮನಿ, ಅದರಾಗ ಕಂಬ. ನಮ್ದು ಹೊಸಾದು, ತಗಿಯೂದು ಒಂದ ಗೋಡಿ, ಅದೂ ಸಣ್ಣದು. ಲೈಸೆನ್ಸ್ ಇದ್ದಾಂವ ಬಂದಿದ್ದ. ನಕ್ಷೆ, ಪರ್ಮಿಟ್ ಅಂತ ತಲಿ ತಿಂದು ಹೋದ ನೋಡ್ರಿ."

ಉಷಾ ಪೂಜೆಯ ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ಅವಳ ಕೈಗಿಟ್ಟಳು. "ಇದನ್ನ ನೆಲದ ಮೇಲಿಡಿ."

"ಯಾಕ್ರೀ, ನನ್ನ ದೃಷ್ಟಿ ತಗೀತೀರೇನು?" ನಗುತ್ತಲೇ ಸುಜಾತಾ ಬಗ್ಗಿ ಇಟ್ಟಳು.

ಹಣ್ಣು ಒಂದು ಕ್ಷಣ ನಿಂತಿತು. ಆಮೇಲೆ ಹೊರಟಿತು. ಮೇಜಿನ ಕಾಲು ದಾಟಿತು, ಸೀಳಿದ ಟೈಲ್ಸಿನ ಸಂದಿಯಲ್ಲಿ ಟಕ್ ಎಂದು ಸಿಕ್ಕಿಕೊಂಡಿತು.

"ಆವತ್ತು ಇದರ ಕೆಳಗೇ ದೀಪ್ತಿ ಕೂತಿದ್ಲು" ಎಂದಳು ಉಷಾ. ಫೋನ್ ಕೈಗೆತ್ತಿಕೊಂಡಳು. "ಲೋಕೇಶಂದೂ ಡೊಮೆನಿಕ್‌ದೂ, ಎರಡು ನಂಬರೂ ಕಳಿಸ್ತೀನಿ."

ಸುಜಾತಾ ಇನ್ನೂ ಹಣ್ಣನ್ನೇ ನೋಡುತ್ತಿದ್ದಳು. "ಡೊಮೆನಿಕ್‌ದು ಒಂದ ಸಾಕ್ರಿ. ಲೋಕೇಶಗ ಬಚ್ಚಲದ ಟೈಲ್ಸ್ ಇದ್ದಾಗ ಹೇಳೂಣಂತ."

ಅವಳನ್ನು ಕಳಿಸಿ ಉಷಾ ಬೇಸ್‌ಮೆಂಟಿಗಿಳಿದಳು. ಕಂಬವಿದ್ದ ಜಾಗದಲ್ಲೇ ಈಗ ದಪ್ಪನೆಯ ಜಾಕು, ಮೊದಲಿನದಕ್ಕಿಂತ ಕುರೂಪ, ಅದರ ಎಡಬಲಕ್ಕೆ ಇನ್ನೆರಡು. ದೀಪ ಹಚ್ಚಿ ಚಾಪೆ ಹಾಸಿ ಕೂತಳು. ದೇವರು ಕಾಣಲಿಲ್ಲ. ಎದ್ದು, ಕುಂಕುಮದ ಬಟ್ಟಲಿಗೆ ಬೆರಳದ್ದಿ, ಜಾಕಿಗೊಂದು ಬೊಟ್ಟಿಟ್ಟಳು.

ಆಮೇಲೆ ಚಾಪೆಯನ್ನು ಒಂಚೂರು ಪಕ್ಕಕ್ಕೆ ಎಳೆದುಕೊಂಡು ಕೂತಳು.