ಸೋಲಾ, ಸೋಲಾ

ನಾನು ಒಂದು ಗ್ರಾಮಫೋನ್ ಪ್ಲೇಟು. ಇಟಲಿಯಲ್ಲಿ ಎರಡು ಬಿಸಿ ಅಚ್ಚುಗಳ ನಡುವೆ ಅಪ್ಪಚ್ಚಿಯಾಗಿ ಹುಟ್ಟಿದೆ. ಮೈತುಂಬ ಗೆರೆ, ಗೆರೆಯೊಳಗೆ ಒಬ್ಬ ಹೆಣ್ಣಿನ ದನಿ. ಹಡಗಿನವನೊಬ್ಬ ತಂದು ಮಾರಿದ ಮೇಲೆ ಬೆಂಗಳೂರಿನ ದಂಡು ಪ್ರದೇಶದ ಬ್ಯಾಂಡ್ ಮಾಸ್ತರ ಡೆಸ್ಮಂಡನ ಕೈಸೇರಿದೆ.

ನನ್ನ ರಾಗಕ್ಕೆ ಅವನು ಮರುಳಾದ. ಮಾತು ಮಾತ್ರ ಯಾರಿಗೂ ತಿಳಿಯದು. ಇಂಗ್ಲಿಷಿನಲ್ಲಿ ಪದ ಕಟ್ಟಿಕೊಡಿ ಎಂದು ಶಾಲೆಯ ಟೀಚರು ರೂತಮ್ಮನ ಮನೆಯಲ್ಲಿ ನನ್ನನ್ನು ಬಿಟ್ಟುಹೋದ. ಅವರು ಅಕ್ಕಿ ಆರಿಸುತ್ತ ಮತ್ತೆ ಮತ್ತೆ ಕೇಳಿದರು. ಪಲ್ಲವಿಯಲ್ಲಿ ನನ್ನ ಹೆಣ್ಣು "ಸೋಲಾ, ಸೋಲಾ" ಎನ್ನುತ್ತಾಳೆ. ರೂತಮ್ಮನ ಕನ್ನಡದ ಕಿವಿಗೆ ಅದು ಸೋಲೇ ಎಂಬ ಪ್ರಶ್ನೆ; ಉತ್ತರವಾಗಿ "ಐ ಹ್ಯಾವನ್ಟ್ ಲಾಸ್ಟ್" ಎಂದು ಬರೆದರು. ನಾನು ಸೋತಿಲ್ಲ.

ದಂಡಿನ ಡ್ಯಾನ್ಸಿನಲ್ಲಿ ಅದನ್ನು ಹಾಡಬೇಕಾದವಳು ಡೆಸ್ಮಂಡನ ತಂಗಿ ನೀನಾ. ಗಂಡ ಅವಳನ್ನು ಬಿಟ್ಟು ಆಸ್ಟ್ರೇಲಿಯಾದ ಹಡಗು ಹತ್ತಿ ನಾಲ್ಕು ತಿಂಗಳಾಗಿತ್ತು. ದಂಡಿಗೆಲ್ಲ ಅದು ಗೊತ್ತಿತ್ತು.

ಡ್ಯಾನ್ಸಿನ ದಿನ ನಾಲ್ಕು ಗಂಟೆಗೆ ಡೆಸ್ಮಂಡ್ ಏದುಸಿರು ಬಿಡುತ್ತ ಬಂದ. ಸೋಲಾಕ್ಕೆ ಕೊಟ್ಟ ಅರ್ಥ ಕೇಳಿ ಇಟಲಿಯ ಪಾದ್ರಿಯೊಬ್ಬರು ನಕ್ಕರಂತೆ. ಸೋಲಾ ಎಂದರೆ ಅವರ ಭಾಷೆಯಲ್ಲಿ ಒಂಟಿ ಹೆಣ್ಣು.

"ಮಾನ ಹೋಗ್ತದೆ ಟೀಚರಮ್ಮ. ತಿದ್ದಿ."

ಇನ್ನೊಮ್ಮೆ ಕೇಳಿಸುತ್ತೇನೆಂದು ಅವನು ಮುಳ್ಳು ಇಟ್ಟ. ಅವಸರದಲ್ಲಿ ಅದು ಜಾರಿ, ನನ್ನ ಮೈಮೇಲೆ ಉದ್ದ ಗೀರು ಬಿತ್ತು. ಮಕ್ಕಳ ತಪ್ಪಿಗೆಲ್ಲ ಕೆಂಪು ಗೀಟು ಎಳೆಯುವ ರೂತಮ್ಮ, ತಲೆ ತಗ್ಗಿಸಿ ತಮ್ಮ ಸಾಲನ್ನೇ ಹೊಡೆದುಹಾಕಿ "ಅಲೋನ್" ಎಂದು ಬರೆದರು.

ಅಣ್ಣನ ಜೊತೆ ಬಂದಿದ್ದ ನೀನಾ ಪದದ ಚೀಟಿ ತೆಗೆದುಕೊಂಡಳು. "ಒಂಟಿ ಅಂತ ನಾನೇ ಊರಿಗೆಲ್ಲ ಸಾರೋದಾ, ಟೀಚರ್?"

ರೂತಮ್ಮ ಅಕ್ಕಿಯ ಮೊರ ಎಳೆದುಕೊಂಡರು.

ಸಂಜೆ ಡ್ಯಾನ್ಸ್ ಹಾಲಿನಲ್ಲಿ ಡ್ರಮ್ಮಿನ ಪಕ್ಕದ ಪೆಟ್ಟಿಗೆಯ ಮೇಲೆ ನಾನಿದ್ದೆ. ಮುಂದಿನ ಸಾಲಿನ ಹೆಂಗಸರು ಬೀಸಣಿಗೆ ಮರೆಯಲ್ಲಿ ಪಿಸುಗುಟ್ಟುತ್ತಿದ್ದರು. ಪಲ್ಲವಿ ಬಂತು. ನೀನಾ ನಿಂತುಬಿಟ್ಟಳು. ಒಂದು ತಾಳ ಹೋಯಿತು. ಎರಡು. ಡೆಸ್ಮಂಡ್ ತುಟಿಯಲ್ಲೇ "ಅಲೋನ್, ಅಲೋನ್" ಎಂದು ಎತ್ತಿಕೊಡುತ್ತಿದ್ದ. ಬಾಗಿಲ ಹತ್ತಿರ ರೂತಮ್ಮ ಸೆರಗು ಹಿಂಡುತ್ತಿದ್ದರು.

ನೀನಾ ಬೀಸಣಿಗೆಗಳ ಕಡೆಗೇ ನೋಡುತ್ತ ಹಾಡಿದಳು: "ಐ ಹ್ಯಾವನ್ಟ್ ಲಾಸ್ಟ್."

ಪಲ್ಲವಿ ಮೂರನೆಯ ಸಲ ಬರುವಷ್ಟರಲ್ಲಿ ಬೀಸಣಿಗೆಗಳು ಮಡಿಲಲ್ಲಿದ್ದವು, ಇಡೀ ಹಾಲೇ ಹಾಡುತ್ತಿತ್ತು. ಆ ವರ್ಷ ರೇಡಿಯೋದಲ್ಲಿ, ಮದುವೆ ಮನೆಗಳಲ್ಲಿ, ಹೋಟೆಲಿನ ಹಾಡುಪೆಟ್ಟಿಗೆಗಳಲ್ಲಿ ಅದೇ ಹಾಡು. ಅದರ ಹೊಸ ಪ್ಲೇಟಿನ ಮೇಲೆ ಪದ ಬರೆದವರೆಂದು ಡೆಸ್ಮಂಡನ ಹೆಸರಿತ್ತು. ತಪ್ಪು ಮಾತ್ರ ರೂತಮ್ಮನದೇ ಉಳಿಯಿತು.

ಈಗ ನಾನು ರೂತಮ್ಮನ ಬೀರುವಿನಲ್ಲಿದ್ದೇನೆ. ಭಾನುವಾರ ಚರ್ಚಿನ ಪೂಜೆ ಮುಗಿಸಿ ನೀನಾ ಬಂದರೆ ಹೊರಗೆ ಬರುತ್ತೇನೆ. ಗೀರಿನ ಬಳಿ ಮುಳ್ಳು ಸಿಕ್ಕಿಕೊಂಡು ಸೋಲಾ, ಸೋಲಾ ಎನ್ನುತ್ತಲೇ ಇರುತ್ತೇನೆ. ಇಬ್ಬರೂ ಎದ್ದು ಮುಳ್ಳು ಎತ್ತುವುದಿಲ್ಲ. ಟೀ ಆರುವವರೆಗೆ ಕೇಳುತ್ತಾರೆ. ನಾನು ಹುಟ್ಟಿದ್ದು ಒಂಟಿ ಎಂದು ಹೇಳುವುದಕ್ಕೆ. ಅವರಿಬ್ಬರು ಪಕ್ಕದಲ್ಲಿರುವಾಗ ಆ ಅರ್ಥ ನನಗೇ ಮರೆತುಹೋಗುತ್ತದೆ.