ಮೊದಲು ಉಬ್ಬಿದ ರೊಟ್ಟಿ

ಅಂದೂ ಮೊದಲು ಉಬ್ಬಿದ ರೊಟ್ಟಿಯನ್ನು ಶಂಕ್ರವ್ವ ಪ್ರಿಯಾಂಕಾಳ ತಟ್ಟೆಗೇ ಹಾಕಿದಳು. ಮುರಿಗೆವ್ವನ ಹೊಟ್ಟೆಯಲ್ಲಿ ಒಲೆಗಿಂತ ಜೋರಾಗಿ ಉರಿಯಿತು.

ಬಿಟಿಎಂ ಲೇಔಟಿನ ಆ ಖಾನಾವಳಿಯಲ್ಲಿ ಆರು ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಕಥೆ ಹೇಳಿದವರಿಗೆ ದಿನದ ಮೊದಲ ರೊಟ್ಟಿ, ಮೇಲೊಂದಿಷ್ಟು ಕೆಂಪು ಖಾರ. ಈ ಪದ್ಧತಿ ಹಾಕಿದವಳೇ ಮುರಿಗೆವ್ವ, ಒಂಬತ್ತು ವರ್ಷ ಅದನ್ನು ತಿಂದವಳೂ ಅವಳೇ. ಈಗ ಊಟದ ಡಬ್ಬಿ ತುಂಬಲು ಬಿಳೇಕಹಳ್ಳಿಯಿಂದ ಪ್ರಿಯಾಂಕಾ ಎಂಬ ಈ ಹುಡುಗಿ ಬರತೊಡಗಿದ್ದಳು. ಜೇನುಹುಳ ಕುಣಿದು ಹೂವಿನ ದಾರಿ ಹೇಳುತ್ತದಂತೆ, ಆಕ್ಟೋಪಸ್‌ಗೆ ಮೂರು ಹೃದಯವಂತೆ. ಏಳೂವರೆಗೆ ಎಫ್ಎಂನಲ್ಲಿ ಕೇಳಿದ್ದನ್ನು ಎಂಟೂವರೆಗೆ ಬಂದು ಹೇಳುವುದು, ಅಷ್ಟೇ ಅವಳ ಬಂಡವಾಳ. ಹೆಂಗಸರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಹುಡುಗಿ ಒಳ್ಳೆಯವಳು ಬೇರೆ. ಬೈಯಲು ಒಂದು ನೆಪವೂ ಸಿಗದೆ ಮುರಿಗೆವ್ವ ಒಳಗೊಳಗೇ ಕುದಿಯುತ್ತಿದ್ದಳು.

ಭಾನುವಾರ ಅವಳು ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಅಂಗೈಯಗಲದ ರೇಡಿಯೊ ಕೊಂಡಳು. ಸೋಮವಾರ ಏಳೂವರೆಗೆ ಅದನ್ನು ಕಿವಿಗೊತ್ತಿಕೊಂಡು ಕೂತಳು. ಅರ್ಧ ಕೇಳುವಷ್ಟರಲ್ಲೇ ತಡೆಯಲಾಗಲಿಲ್ಲ. ಹುಡುಗಿಗಿಂತ ಮೊದಲು ಖಾನಾವಳಿ ಮುಟ್ಟಬೇಕೆಂದು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಮೆಣಸಿನಕಾಯಿ ನಮ್ಮ ನೆಲದ್ದೇ ಅಲ್ಲ, ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದದ್ದು, ಬಂದು ಐನೂರು ವರ್ಷ ಆಗಿದೆಯಷ್ಟೇ ಎಂದು ಅವಳು ಹೇಳಿದಾಗ ಬಡಿಯುವ ಕೈಗಳೆಲ್ಲ ನಿಂತವು. ಪ್ರಿಯಾಂಕಾ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದಳು, ಇಯರ್‌ಫೋನ್ ಇನ್ನೂ ಕೊರಳಲ್ಲೇ ಇತ್ತು. ಗೆದ್ದೆನೆಂದು ಮುರಿಗೆವ್ವ ಬೀಗಿದಳು.

ಶಂಕ್ರವ್ವನಿಗೆ ಏನೋ ನೆನಪಾಯಿತು. "ಹಂಗಾರ ನಿನ್ನ ಕಥಿಯೊಳಗಿನ ಶರಣಿ, ಎಂಟನೂರು ವರ್ಷದ ಹಿಂದ ಜಂಗಮರಿಗೆ ರೊಟ್ಟಿ ಜೋಡಿ ಖಾರ ನೀಡಿದ್ಲಲ್ಲ? ಅದನ್ನ ಎಲ್ಲಿಂದ ತಂದ್ಲು?"

ಅದು ಮುರಿಗೆವ್ವನ ಅವ್ವ ಹೇಳಿಕೊಟ್ಟ ಕಥೆ. ಪ್ರತಿ ಶ್ರಾವಣದಲ್ಲೂ ಕಣ್ಣೊರೆಸಿಕೊಂಡು ಹೇಳುತ್ತಿದ್ದ ಕಥೆ. ಇವತ್ತಿನ ಮಾತು ನಿಜವಾದರೆ ಒಂಬತ್ತು ವರ್ಷ ಹೇಳಿದ್ದು ಸುಳ್ಳಾಗುತ್ತಿತ್ತು. ಐದು ಜನ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಆಂಟಿ, ಕಾಳುಮೆಣಸು ಅಂತ ನೀವೇ ಹೇಳಿದ್ರಲ್ಲ ನಂಗೆ," ಎಂದಳು ಪ್ರಿಯಾಂಕಾ, ಡಬ್ಬಿಯ ಮುಚ್ಚಳ ತೆಗೆಯುತ್ತಾ. "ಆಗ ಖಾರಕ್ಕೆ ಅದನ್ನೇ ಹಾಕ್ತಿದ್ರು ಅಂತ."

ಮುರಿಗೆವ್ವ ಹಾಗೆ ಹೇಳಿರಲೇ ಇಲ್ಲ. ರೇಡಿಯೊದಲ್ಲಿ ಅವಳು ಕೇಳದೆ ಎದ್ದು ಬಂದ ಉಳಿದರ್ಧದಲ್ಲಿ ಅದಿತ್ತು. ಇಬ್ಬರಿಗೂ ಅದು ಗೊತ್ತಾಯಿತು.

"ಹೌದವ್ವ, ಕರಿ ಖಾರ," ಎಂದಳು ಮುರಿಗೆವ್ವ, ತಲೆ ಎತ್ತದೆ.

ಹೆಂಗಸರು ಸಮಾಧಾನದಿಂದ ಮತ್ತೆ ಹಿಟ್ಟಿಗೆ ಕೈಹಾಕಿದರು. ಮಾನ ಉಳಿದಿತ್ತು, ಆದರೆ ಉರಿ ಆರಲಿಲ್ಲ. ಎಲ್ಲರೆದುರು ಸೋಲಿಸಿದ್ದರೆ ಹುಡುಗಿಯನ್ನು ದ್ವೇಷಿಸಬಹುದಿತ್ತು. ಈಗ ಅದಕ್ಕೂ ದಾರಿ ಇಲ್ಲದಂತೆ ಮಾಡಿಬಿಟ್ಟಿದ್ದಳು.

ಮೊದಲ ರೊಟ್ಟಿ ಉಬ್ಬಿತು. ಎಷ್ಟೋ ದಿನಗಳ ಮೇಲೆ ಶಂಕ್ರವ್ವ ಅದನ್ನು ಮುರಿಗೆವ್ವನ ತಟ್ಟೆಗೆ ಹಾಕಿ, ಕೆಂಪು ಖಾರದ ಭರಣಿ ಹತ್ತಿರ ತಳ್ಳಿದಳು. ಮುರಿಗೆವ್ವ ಭರಣಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು, ಸಾರಿಗೆಂದು ಇಟ್ಟಿದ್ದ ಕಾಳುಮೆಣಸಿನಲ್ಲಿ ನಾಲ್ಕು ಕಾಳು ತೆಗೆದು ಕುಟ್ಟಿದಳು. ಅದನ್ನು ಬಿಸಿ ರೊಟ್ಟಿಯ ಮೇಲೆ ಉದುರಿಸಿ, ಎರಡು ಹನಿ ಎಣ್ಣೆ ಬಿಟ್ಟು, ತಟ್ಟೆಯನ್ನು ಡಬ್ಬಿಗಳ ನಡುವೆ ಪ್ರಿಯಾಂಕಾಳ ಮುಂದಿಟ್ಟಳು. ಅವಳ ಮುಖ ನೋಡದೆ ಬಂದು ಕೂತು, ಮುಂದಿನ ಉಂಡೆ ಬಡಿಯತೊಡಗಿದಳು.